ಸಣ್ಣ ಸೈಟಿನಲ್ಲಿ ಪುಟ್ಟ ಕೊಳ: ಪ್ಲಂಜ್ ಪೂಲ್ ಆರಿಸುವ ಮುನ್ನ ನೋಡಬೇಕಾದ ಲೆಕ್ಕಗಳು

ಬೆಂಗಳೂರಿನ 30×40 ಸೈಟಿನಲ್ಲಿ ಮನೆ, ಕಾರು ನಿಲ್ಲಿಸುವ ಜಾಗ, ಸಂಪು, ಹೊರಗಿನ ಮೆಟ್ಟಿಲು ಮತ್ತು ಸೈಟಿನ ಗಡಿಯಿಂದ ಖಾಲಿ ಬಿಡಲೇಬೇಕಾದ ಸೆಟ್‌ಬ್ಯಾಕ್ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಒಂದು ಪಟ್ಟಿಯಷ್ಟು ನೆಲ ಮಾತ್ರ. ಆ ಪಟ್ಟಿಯಲ್ಲಿಯೇ, ಇಲ್ಲವೇ ತಾರಸಿಯ ಒಂದು ಮೂಲೆಯಲ್ಲಿ, ಪುಟ್ಟದೊಂದು ಕೊಳ ಇರಲಿ ಎಂಬ ಆಸೆ ಈಗ ಅನೇಕರಲ್ಲಿದೆ. ಪ್ಲಂಜ್ ಪೂಲ್ ಇರುವುದು ಈಜುವುದಕ್ಕಲ್ಲ. ಇಳಿದು, ಕುಳಿತು, ಎದೆಮಟ್ಟದ ನೀರಿನಲ್ಲಿ ಮೈ ತಣಿಸಿಕೊಳ್ಳುವುದಕ್ಕೆ. ಹಾಗಾಗಿ ಎಂಟು ಅಡಿ ಉದ್ದ, ಆರು ಅಡಿ ಅಗಲದಲ್ಲಿಯೂ ಅದು ತನ್ನ ಕೆಲಸ ಮಾಡುತ್ತದೆ. ಮಾರುವವರು ಮೊದಲು ತೋರಿಸುವುದು ಟೈಲ್ಸ್‌ನ ಬಣ್ಣ, ನೀರಿನೊಳಗಿನ ದೀಪ, ಅಂಚಿನಲ್ಲಿ ಇಡುವ ಬಿದಿರಿನ ಗಿಡ. ಈ ಊರಿನಲ್ಲಿ ಕೊಳ ಕೊಳ್ಳುವವರು ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಅದು ಎಷ್ಟು ಲೀಟರ್ ನೀರು ಹಿಡಿಯುತ್ತದೆ, ಆ ನೀರು ಎಲ್ಲಿಂದ ಬರುತ್ತದೆ, ಮತ್ತು ಒಮ್ಮೆ ತುಂಬಿಸಿದ ನೀರನ್ನು ಚೆಲ್ಲದೆ ಎಷ್ಟು ಕಾಲ ಉಳಿಸಿಕೊಳ್ಳಬಹುದು. ಈ ಮೂರಕ್ಕೆ ಉತ್ತರ ಸಿಕ್ಕರೆ ಅಳತೆ, ಆಳ, ಫಿಲ್ಟರ್ ಎಲ್ಲವೂ ಬಹುಮಟ್ಟಿಗೆ ತಾವಾಗಿಯೇ ತೀರ್ಮಾನವಾಗುತ್ತವೆ.

ಮೊದಲು ಲೀಟರ್, ಆಮೇಲೆ ಅಡಿ

ಲೆಕ್ಕ ಸುಲಭ. ಉದ್ದ, ಅಗಲ, ನೀರಿನ ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದ ಮೊತ್ತವನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎಂಟು ಅಡಿ ಉದ್ದ, ಆರು ಅಡಿ ಅಗಲ, ನಾಲ್ಕು ಅಡಿ ಆಳದ ಕೊಳಕ್ಕೆ ಸುಮಾರು 5,400 ಲೀಟರ್ ಬೇಕು. ಹತ್ತು, ಏಳು, ನಾಲ್ಕು ಅಡಿಯದಕ್ಕೆ 7,900 ಲೀಟರ್. ಹನ್ನೆರಡು, ಎಂಟು, ನಾಲ್ಕೂವರೆ ಅಡಿಗೆ ಹೋದರೆ 12,200 ಲೀಟರ್. ಅಂದರೆ ಎರಡೆರಡು ಅಡಿ ಹಿಗ್ಗಿಸುತ್ತ ಹೋದಂತೆ ಚಿಕ್ಕ ಟ್ಯಾಂಕರಿನ ಕೊಳ ದೊಡ್ಡ ಟ್ಯಾಂಕರಿನ ಕೊಳವಾಗಿಬಿಡುತ್ತದೆ. ಮನೆಬಳಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸಾಮಾನ್ಯ ಮಾನದಂಡವನ್ನು ಇಟ್ಟುಕೊಂಡರೆ, ನಡುವಿನ ಅಳತೆಯ, ಅಂದರೆ 7,900 ಲೀಟರಿನ, ಕೊಳವೊಂದು ನಾಲ್ಕು ಜನರ ಮನೆಯ ಎರಡು ವಾರದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ನೀರನ್ನು ಉಳಿಸಲು ಉದ್ದ ಅಗಲಕ್ಕಿಂತ ಆಳದ ಮೇಲೆ ಕೈ ಇಡುವುದು ಲೇಸು. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೊಳದಲ್ಲಿ ನಾಲ್ಕೂವರೆ ಅಡಿಯ ಆಳವನ್ನು ಮೂರೂವರೆಗೆ ಇಳಿಸಿದರೆ ಸುಮಾರು 2,000 ಲೀಟರ್ ಉಳಿಯುತ್ತದೆ. ಕುಳಿತುಕೊಳ್ಳುವವರಿಗೆ ಅದರಿಂದ ನಷ್ಟವೇನೂ ಇಲ್ಲ. ಒಂದು ಬದಿಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ಕಟ್ಟೆ ಕಟ್ಟಿಸಿದರೆ ಕೂರಲು ಆಸನವೂ ಆಯಿತು, ಕಟ್ಟೆ ತುಂಬಿದ ಜಾಗದಷ್ಟು ನೀರೂ ಕಡಿಮೆಯಾಯಿತು. ಕಟ್ಟೆಯ ಮೇಲ್ಮೈ ನೀರಿನ ಮಟ್ಟದಿಂದ ಒಂದೂಮುಕ್ಕಾಲು ಅಡಿ ಕೆಳಗಿದ್ದರೆ ಕುಳಿತವರ ಎದೆಯವರೆಗೆ ನೀರು ಬರುತ್ತದೆ. ನಾಲ್ಕು ಅಡಿ ಆಳದ ಕೊಳದಲ್ಲಿ ಏಳು ಅಡಿ ಉದ್ದದ ಇಂಥ ಕಟ್ಟೆಯೊಂದೇ ಸುಮಾರು 670 ಲೀಟರ್ ನೀರನ್ನು ಉಳಿಸುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಈ ಕಟ್ಟೆಯನ್ನೇ ಮೆಟ್ಟಿಲಿಗೆ ಸೇರಿಸಿಕೊಂಡು, ಒಂದು ಕಡೆ ಗಟ್ಟಿಯಾದ ಸ್ಟೀಲ್ ಹಿಡಿಕೆ ಹಾಕಿಸುವುದು ಒಳ್ಳೆಯದು. ಲಂಬವಾದ ಏಣಿಯನ್ನು ಮಂಡಿನೋವಿನವರು ಬಳಸುವುದಿಲ್ಲ.

ನೀರು ಎಲ್ಲಿಂದ ಎಂಬ ಪ್ರಶ್ನೆಗೆ ನಲ್ಲಿ ಎಂಬುದು ಉತ್ತರವಾಗಬಾರದು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಕುಡಿಯುವುದಕ್ಕಾಗಿ ಬರುವಂಥದು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಸರಬರಾಜು ಯೋಜನೆಯ ಐದನೇ ಹಂತ ಕಾರ್ಯಾರಂಭ ಮಾಡಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾದದ್ದು ನಿಜ. ಆದರೂ ಮಳೆ ಕೈಕೊಟ್ಟ ವರ್ಷದಲ್ಲಿ ಇಂಥ ಆದೇಶ ಮತ್ತೆ ಬರುವುದಿಲ್ಲ ಎಂದು ನಂಬಿಕೊಂಡು ಕೊಳ ಕಟ್ಟಿಸುವುದು ಜಾಣತನವಲ್ಲ. ಟ್ಯಾಂಕರ್ ನೀರು ತರಿಸಬಹುದು. ಆದರೆ ಅದು ಕೊಳವೆಬಾವಿಯ ನೀರು, ಬಹಳ ಕಡೆ ಗಡಸು, ಮತ್ತು ಬೇಸಿಗೆಯಲ್ಲಿ ಬೆಲೆ ಏರುವುದೇ ಅದರ ಸ್ವಭಾವ. ಆ ಮಾರ್ಚ್‌ನಲ್ಲಿ ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂದಿತ್ತು.

ಉಳಿಯುವುದು ಮಳೆನೀರು, ಮತ್ತು ಅದೇ ಎಲ್ಲಕ್ಕಿಂತ ಒಳ್ಳೆಯದು. ಸಾವಿರ ಚದರಡಿ ತಾರಸಿಯ ಮೇಲೆ 30 ಮಿಲಿಮೀಟರ್ ಮಳೆ ಸುರಿದರೆ, ಸೋರಿಕೆ ಮತ್ತು ಮೊದಲ ಕೊಳೆನೀರನ್ನು ಬಿಟ್ಟು ಶೇಕಡಾ 80ರಷ್ಟು ಹಿಡಿದರೂ 2,200 ಲೀಟರ್ ಸಿಗುತ್ತದೆ. ಅಂಥ ಮೂರು ನಾಲ್ಕು ಮಳೆಗೆ ನಡುವಿನ ಅಳತೆಯ ಕೊಳ ತುಂಬುತ್ತದೆ. ಬೆಂಗಳೂರಿಗೆ ಮೇ ತಿಂಗಳಲ್ಲಿ ಒಂದು ಸುತ್ತು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು ದೊಡ್ಡ ಸುತ್ತು ಮಳೆಯಾಗುವುದರಿಂದ, ಕೆಲಸ ಏಪ್ರಿಲ್ ಒಳಗೆ ಮುಗಿಯುವಂತೆ ಯೋಜಿಸಿಕೊಂಡರೆ ಬಳಕೆಗೆಂದು ಮೊದಲ ಸಲ ತುಂಬಿಸಲು ಹೆಚ್ಚು ಹಣ ಕೊಡಬೇಕಾಗಿ ಬರುವುದಿಲ್ಲ. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ಪೈಪು, ಫಿಲ್ಟರ್ ಹೇಗೂ ಇರುತ್ತವೆ. ಅಲ್ಲಿಂದ ಕೊಳದ ಕಡೆಗೆ ಒಂದು ವಾಲ್ವ್ ಕೊಡಿಸಿದರೆ ಸಾಕು. ಮಳೆನೀರು ತೀರ ಮೃದು. ಗಡಸು ನೀರು ಟೈಲ್ಸ್ ಮೇಲೆ ಬಿಡುವ ಬಿಳಿ ಪೊರೆಯ ಕಾಟ ಅದರಲ್ಲಿಲ್ಲವಾದರೂ, ಕ್ಯಾಲ್ಸಿಯಂ ಬಹಳ ಕಡಿಮೆಯಿದ್ದರೆ ನೀರು ಟೈಲ್ಸ್ ಸಂದಿನ ಸಿಮೆಂಟನ್ನೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಬೇಕಾದಷ್ಟು ಬೋರ್ ನೀರು ಬೆರೆಸಿ ಕ್ಯಾಲ್ಸಿಯಂ ಗಡಸುತನವನ್ನು 200ರಿಂದ 400 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನಡುವೆ ಇಟ್ಟುಕೊಳ್ಳಬೇಕು.

ಜಾಗ ಗುರುತಿಸುವುದು

ಕಾಗದದ ಮೇಲಿನ ನಕ್ಷೆ ಎಲ್ಲರನ್ನೂ ಮೋಸಗೊಳಿಸುತ್ತದೆ. ರಂಗೋಲಿ ಪುಡಿಯಿಂದ ನೆಲದ ಮೇಲೆಯೇ ಗೆರೆ ಎಳೆದು ನೋಡುವುದು ಉತ್ತಮ. ಮೊದಲು ನೀರಿನ ಅಂಚು, ಅದರ ಹೊರಗೆ ಗೋಡೆಯ ದಪ್ಪಕ್ಕೆ ಆರರಿಂದ ಎಂಟು ಇಂಚು, ಅದರಾಚೆ ಕನಿಷ್ಠ ಒಂದು ಬದಿಯಲ್ಲಾದರೂ ಎರಡೂವರೆ ಅಡಿಯ ನಡೆದಾಡುವ ಜಾಗ, ಕೊನೆಗೆ ಪಂಪು ಮತ್ತು ಫಿಲ್ಟರ್‌ಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಮೂಲೆ. ಬಳಿಕ ಒಳಗೆರೆಯಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಮನೆಯವರನ್ನು ಕೂರಿಸಿದರೆ, ಎದುರುಬದುರು ಕುಳಿತವರ ಮೊಣಕಾಲು ತಾಗುತ್ತದೆಯೇ, ಪಕ್ಕದ ಮನೆಯ ಎರಡನೇ ಮಹಡಿಯ ಕಿಟಕಿ ನೇರ ತಲೆಯ ಮೇಲೆ ತೆರೆಯುತ್ತದೆಯೇ, ಕಾರಿನ ಬಾಗಿಲು ಪೂರ್ತಿ ತೆಗೆಯಲು ಬರುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎರಡು ದಿನ ಆ ಗೆರೆ ಹಾಗೇ ಇದ್ದರೆ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಬಿಸಿಲಿನ ವಿಷಯವನ್ನು ಇಲ್ಲಿ ಹಗುರವಾಗಿ ಕಾಣಬಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ರಾತ್ರಿಗಳು ತಂಪು. ಮೂರು ಕಡೆ ಗೋಡೆ ಎದ್ದ ನೆರಳಿನ ಕೊಳ ಡಿಸೆಂಬರ್, ಜನವರಿಯಲ್ಲಿ ಕಾಲಿಡಲಾಗದಷ್ಟು ಕೊರೆಯುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗಾದರೂ ನೇರ ಬಿಸಿಲು ಬೀಳುವ ಕಡೆ ಹುಡುಕಬೇಕು. ವಾಸ್ತು ನೋಡುವವರು ನೀರಿಗೆ ಈಶಾನ್ಯವನ್ನೇ ಕೇಳುತ್ತಾರೆ. ಬಹುಪಾಲು ಮನೆಗಳಲ್ಲಿ ಆ ಮೂಲೆಯನ್ನು ಸಂಪು ಆಗಲೇ ಹಿಡಿದುಕೊಂಡಿರುವುದರಿಂದ, ವಾದ ಶುರುವಾಗುವ ಮೊದಲೇ ಇದನ್ನು ಮನೆಯ ಹಿರಿಯರೊಡನೆ ಮಾತನಾಡಿಕೊಳ್ಳುವುದು ಕ್ಷೇಮ. ವಾಸ್ತು ಏನೇ ಹೇಳಲಿ, ಸಂಪಿಗೂ ಕೊಳಕ್ಕೂ ಒಂದೇ ಗೋಡೆ ಇರಲು ಬಿಡಬಾರದು. ಕೊಳ ಸೋರಿದರೆ ಆ ನೀರು ಸೇರುವುದು ಕುಡಿಯುವ ನೀರಿಗೆ. ಒಳಚರಂಡಿಯ ಚೇಂಬರಿನ ಮೇಲೆ ಅಥವಾ ಪೈಪಿನ ದಾರಿಯ ಮೇಲೆ ಕೊಳ ಬರಕೂಡದೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಹಳೆಯ ಮನೆಗಳಲ್ಲಿ ಪೈಪು ಎಲ್ಲಿ ಹೋಗಿದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಮರಗಳ ಬಗ್ಗೆ ಒಂದು ಮಾತು. ಹೊಂಗೆ ಮರ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ, ಅದರ ಹಿಂದೆಯೇ ಹೂ ಸುರಿಸುತ್ತದೆ. ಗುಲ್‌ಮೊಹರಿನ ಸಣ್ಣ ಎಲೆಗಳು ಬಲೆಯಲ್ಲೂ ನಿಲ್ಲದೆ ಫಿಲ್ಟರಿಗೆ ಹೋಗುತ್ತವೆ. ಅದಕ್ಕಾಗಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಳವನ್ನೇ ನಾಲ್ಕು ಅಡಿ ಪಕ್ಕಕ್ಕೆ ಸರಿಸುವುದು ಸುಲಭ.

ಸೆಟ್‌ಬ್ಯಾಕ್‌ನಲ್ಲಿ ಕೊಳ ಬರಬಹುದೇ ಎಂಬುದನ್ನು ಅಗೆಯುವ ಮೊದಲೇ ಆರ್ಕಿಟೆಕ್ಟ್ ಮೂಲಕ ನಿಮ್ಮ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ವಿಚಾರಿಸಿ, ಮಂಜೂರಾದ ನಕ್ಷೆಯಲ್ಲಿ ಅದನ್ನು ತೋರಿಸಿಕೊಳ್ಳಬೇಕು. ಲೇಔಟ್ ಅಥವಾ ಅಪಾರ್ಟ್‌ಮೆಂಟಿನ ಸಂಘವಿದ್ದರೆ ಅವರ ಒಪ್ಪಿಗೆ ಬರಹದಲ್ಲಿರಲಿ.

ನೆಲದ ಕೆಳಗೆ ಮತ್ತು ತಾರಸಿಯ ಮೇಲೆ

ನೆಲದಲ್ಲಿ ಅಗೆಯುವವರಿಗೆ ಮಣ್ಣಿನ ವಿಷಯ ತಿಳಿಸಬಲ್ಲ ದಾಖಲೆಯೊಂದು ಮನೆಯಲ್ಲೇ ಇದೆ: ಸಂಪು. ಅದನ್ನು ಏಳೆಂಟು ಅಡಿ ತೋಡಿದ ಮೇಸ್ತ್ರಿಗೆ, ಇಲ್ಲವೇ ಪಕ್ಕದ ಮನೆಯ ಸಂಪು ತೋಡಿದವರಿಗೆ, ಕೆಂಪು ಮಣ್ಣು ಎಷ್ಟು ಆಳಕ್ಕಿತ್ತು, ಬಂಡೆ ಎಲ್ಲಿ ಸಿಕ್ಕಿತು, ನೀರು ಜಿನುಗಿತೇ ಎಂಬುದು ಗೊತ್ತಿರುತ್ತದೆ. ಬಂಡೆ ಸಿಕ್ಕರೆ ಬ್ರೇಕರ್ ಯಂತ್ರದಿಂದ ಒಡೆಯುವ ಖರ್ಚು ಅಂದಾಜನ್ನೇ ಬುಡಮೇಲು ಮಾಡಬಲ್ಲದು. ಹಾಗಾದಾಗ ಎರಡು ಅಡಿ ಮಾತ್ರ ಅಗೆದು, ಉಳಿದದ್ದನ್ನು ನೆಲದ ಮೇಲೆ ಕಟ್ಟೆಯಂತೆ ಎಬ್ಬಿಸುವುದು ಒಳ್ಳೆಯ ರಾಜಿ. ಕೊಳದ ಅಂಚು ನೆಲದಿಂದ ಒಂದೂವರೆ ಅಡಿ ಎದ್ದಿದ್ದರೆ ಮಳೆಯಲ್ಲಿ ಅಂಗಳದ ಕೊಚ್ಚೆ ಒಳಗೆ ಹರಿಯುವುದಿಲ್ಲ, ಅಂಚಿನ ಮೇಲೆ ಕುಳಿತು ಕಾಲು ಇಳಿಬಿಡಲೂ ಅನುಕೂಲ. ಬಂಡೆ ಇರಲಿ ಬಿಡಲಿ, ಸಣ್ಣ ಸೈಟಿಗೆ ಅರ್ಧ ಎದ್ದ ಕೊಳವೇ ಮೇಲೆಂಬುದು ನನ್ನ ಅಭಿಪ್ರಾಯ.

ಅಂತರ್ಜಲ ಮೇಲಿರುವ ಕಡೆ ತೊಂದರೆ ಬೇರೆ. ಬೆಂಗಳೂರಿನಲ್ಲಿ ಕೆರೆಯ ಅಂಗಳವೇ ಊರಾದ ಉದಾಹರಣೆಗಳು ಕಡಿಮೆಯಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮೇಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಮೇಲಿದೆ. ಇಂಥ ತಗ್ಗಿನಲ್ಲಿ, ರಾಜಕಾಲುವೆಯ ಆಸುಪಾಸಿನಲ್ಲಿ, ಮಳೆಗಾಲದಲ್ಲಿ ನೆಲದೊಳಗಿನ ನೀರು ಎರಡು ಮೂರು ಅಡಿ ಕೆಳಗೇ ನಿಲ್ಲಬಹುದು. ಆಗ ಕೊಳವನ್ನು ಸ್ವಚ್ಛಗೊಳಿಸಲೆಂದು ಖಾಲಿ ಮಾಡಿದರೆ ಸುತ್ತಲಿನ ನೀರು ಅದನ್ನು ಕೆಳಗಿನಿಂದ ಎತ್ತುತ್ತದೆ. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೊಳದ ತಳಕ್ಕಿಂತ ಎರಡು ಅಡಿ ಮೇಲೆ ಅಂತರ್ಜಲ ನಿಂತಿದ್ದರೆ ಮೇಲ್ಮುಖವಾಗಿ ಬೀಳುವ ಒತ್ತು ಸುಮಾರು ನಾಲ್ಕು ಟನ್. ಫೈಬರ್ ಕೊಳದ ಸ್ವಂತ ತೂಕವಾದರೋ ಕೆಲವು ನೂರು ಕಿಲೋ ಮಾತ್ರ. ಅದು ಅನಾಮತ್ತಾಗಿ ಎದ್ದು ಪೈಪುಗಳನ್ನು ಕಿತ್ತುಕೊಳ್ಳುತ್ತದೆ. ಇಂಥ ಜಾಗಗಳಲ್ಲಿ ತಳದ ಕೆಳಗೆ ಜಲ್ಲಿ ಹಾಸು ಮತ್ತು ನೀರಿನ ಮಟ್ಟ ನೋಡಿ ಪಂಪ್ ಮಾಡಲು ನೇರವಾಗಿ ನಿಲ್ಲಿಸಿದ ಒಂದು ಪೈಪು ಇರಲೇಬೇಕು, ಕೊಳವನ್ನು ಮಳೆಗಾಲದಲ್ಲಿ ಬರಿದು ಮಾಡಬಾರದು.

ಮನೆಯ ಪಾಯದ ಪಕ್ಕದಲ್ಲೇ ಪಾಯಕ್ಕಿಂತ ಆಳಕ್ಕೆ ಅಗೆಯುವುದು ಅಪಾಯ. ಅಗೆತದ ತಳ ಪಾಯದ ತಳಕ್ಕಿಂತ ಎಷ್ಟು ಕೆಳಗೆ ಹೋಗುತ್ತದೋ ಕನಿಷ್ಠ ಅಷ್ಟು ದೂರವನ್ನಾದರೂ ಪಾಯದಿಂದ ಬಿಡಬೇಕೆಂಬುದು ಸ್ಥೂಲ ನಿಯಮ. ಉಳಿದದ್ದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಪಕ್ಕದ ಮನೆಯವರ ಕಾಂಪೌಂಡಿಗೂ ಇದೇ ಮಾತು ಅನ್ವಯಿಸುತ್ತದೆ.

ತಾರಸಿಯ ಮಾತಿಗೆ ಬಂದರೆ, "ಸಾರ್, ಮೇಲೆ ಟ್ಯಾಂಕ್ ನಿಂತಿಲ್ವಾ, ಇದೂ ನಿಲ್ಲುತ್ತೆ ಬಿಡಿ" ಎನ್ನುವ ಮೇಸ್ತ್ರಿಯ ಮಾತಿನ ಮೇಲೆ ಯಾರೂ ಕೊಳ ಕಟ್ಟಿಸಬಾರದು. ಓಡಾಡಲು ಬಳಸುವ ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಚಲಭಾರಕ್ಕೆ, ಅಂದರೆ ಜನ, ಸಾಮಾನಿನಂಥ ಬಂದುಹೋಗುವ ಭಾರಕ್ಕೆ, ವಿನ್ಯಾಸ ಮಾಡಿರುತ್ತಾರೆ. ನಾಲ್ಕು ಅಡಿ ನೀರು ಅದೇ ಚದರ ಮೀಟರಿನ ಮೇಲೆ ಹೇರುವುದು 1,220 ಕಿಲೋ, ಅಂದರೆ ಎಂಟು ಪಟ್ಟು. ನಡುವಿನ ಅಳತೆಯ ಕೊಳದಲ್ಲಿ ನೀರೇ ಎಂಟು ಟನ್ ಹತ್ತಿರವಿದ್ದರೆ, ಆರು ಇಂಚಿನ ಗೋಡೆ ಮತ್ತು ತಳ ಎಂದುಕೊಂಡರೂ ಕಾಂಕ್ರೀಟಿನ ತೂಕ ಇನ್ನೆಂಟು ಟನ್ ದಾಟುತ್ತದೆ. ದಸರೆಯ ಆನೆ ಮೂರನ್ನು ತಾರಸಿಯ ಒಂದು ಮೂಲೆಯಲ್ಲಿ ಹಗಲೂ ರಾತ್ರಿ ನಿಲ್ಲಿಸಿದಷ್ಟು ಭಾರ. ಹೊಸದಾಗಿ ಕಟ್ಟುವ ಮನೆಯಲ್ಲಿ ಕಂಬ, ತೊಲೆ, ಪಾಯ ಎಲ್ಲವನ್ನೂ ಈ ಭಾರಕ್ಕೆ ಲೆಕ್ಕ ಹಾಕಿ ಕಟ್ಟಬಹುದು. ಕಟ್ಟಿ ಮುಗಿದ ಮನೆಯಲ್ಲಿ ಮೂಲ ನಕ್ಷೆ ಮತ್ತು ಕಂಬಿಯ ವಿವರ ಇಲ್ಲದೆ ಯಾವ ಎಂಜಿನಿಯರೂ ಹೂಂ ಎನ್ನಲಾರ. ಬಸವನಗುಡಿ, ಮಲ್ಲೇಶ್ವರದ ಗೋಡೆಯೇ ಭಾರ ಹೊರುವ ಹಳೆಯ ಮನೆಗಳಲ್ಲಿ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ ಅಥವಾ ಕಲ್ಲುಚಪ್ಪಡಿಯ ಮಾಡಿನ ಮೇಲೆ, ಈ ಯೋಚನೆಯನ್ನೇ ಬಿಡುವುದು ಉತ್ತಮ. ಬಾಲ್ಕನಿಯಲ್ಲಿ ಗಾಳಿ ತುಂಬುವ ಕೊಳ ಇಡುವುದಕ್ಕೂ ಇದೇ ಲೆಕ್ಕ. ಪ್ಲಾಸ್ಟಿಕ್ ಹಗುರವಾದರೂ ಒಳಗಿನ ನೀರು ಹಗುರವಲ್ಲ.

ಯಾವ ಬಗೆಯದು

ಕಾಂಕ್ರೀಟ್ ಕೊಳದ ದೊಡ್ಡ ಅನುಕೂಲವೆಂದರೆ ವಕ್ರವಾದ ಮೂಲೆಗೂ ಅದನ್ನು ಹೊಂದಿಸಬಹುದು. ಕಟ್ಟೆ, ಮೆಟ್ಟಿಲು ಬೇಕಾದಂತೆ ಬರುತ್ತವೆ. ನೀರು ಹಿಡಿಯುವ ಕಾಂಕ್ರೀಟಿಗೆ ಐಎಸ್ 3370 ಎಂಬ ಪ್ರತ್ಯೇಕ ಭಾರತೀಯ ಮಾನದಂಡವಿದ್ದು, ಅದು ಕಂಬಿ ಹಾಕಿದ ಕೆಲಸಕ್ಕೆ ಕನಿಷ್ಠ ಎಂ30 ಎಂಬ ಬಲದ ದರ್ಜೆಯ ಕಾಂಕ್ರೀಟನ್ನು ಕೇಳುತ್ತದೆ. ಗುತ್ತಿಗೆದಾರರಿಗೆ ಈ ಎರಡು ಹೆಸರು ಹೇಳಿ ಅವರ ಮುಖ ನೋಡಿದರೆ ಅವರ ಅನುಭವ ಎಷ್ಟೆಂಬುದು ತಿಳಿಯುತ್ತದೆ. ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಗೋಡೆ ಕಟ್ಟಿ ವಾಟರ್‌ಪ್ರೂಫಿಂಗ್ ಬಳಿದು ಟೈಲ್ಸ್ ಅಂಟಿಸುವ ಅಗ್ಗದ ಕೆಲಸ ಎರಡು ಮಳೆಗಾಲಕ್ಕೆ ಬಿರುಕು ಬಿಡುವ ಸಂಭವ ಹೆಚ್ಚು.

ಫೈಬರ್ ಕೊಳ ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತದೆ. ಮೈ ನುಣುಪಾಗಿದ್ದು ಪಾಚಿ ಸುಲಭಕ್ಕೆ ಹಿಡಿಯುವುದಿಲ್ಲ, ಟೈಲ್ಸ್ ಸಂದಿನ ಗೋಳಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಅದರ ತೊಡಕು ರಸ್ತೆಯಲ್ಲಿದೆ. ಇಪ್ಪತ್ತು ಅಡಿಯ ಅಡ್ಡರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತಿರುವಾಗ, ತಲೆಯ ಮೇಲೆ ವಿದ್ಯುತ್ ತಂತಿ ಮತ್ತು ಕೇಬಲ್ಲುಗಳ ಗೋಜಲಿರುವಾಗ, ಹತ್ತು ಅಡಿ ಉದ್ದದ ಒಂದೇ ತುಂಡನ್ನು ಕ್ರೇನಿನಿಂದ ಎತ್ತಿ ಕಾಂಪೌಂಡ್ ದಾಟಿಸಬೇಕು. ಆರ್ಡರ್ ಕೊಡುವ ಮೊದಲೇ ಮಾರಾಟಗಾರರ ಕಡೆಯವರು ಬಂದು ರಸ್ತೆ ನೋಡಿ ಹೋಗಲಿ, ಇಳಿಸುವ ಹೊಣೆ ಯಾರದೆಂಬುದು ಬಿಲ್ಲಿನಲ್ಲಿ ಬರಲಿ. ಗೇಟಿನೊಳಗೆ ಕೊಳ ಬಂದರೂ ಹಿತ್ತಲಿಗೆ ಹೋಗುವ ಓಣಿ ಮೂರು ಅಡಿಯಿದ್ದರೆ ಅದು ಪೋರ್ಟಿಕೊದಲ್ಲೇ ಉಳಿದುಬಿಡುತ್ತದೆ.

ಇವೆರಡೂ ಬೇಡವೆನ್ನುವವರಿಗೆ, ಅದರಲ್ಲೂ ಬಾಡಿಗೆ ಮನೆಯವರಿಗೆ, ನೆಲದ ಮೇಲೆ ಇಡುವ ದುಂಡನೆಯ ಸ್ಟೀಲ್ ತೊಟ್ಟಿ ಅಥವಾ ಚೌಕಟ್ಟಿನ ವಿನೈಲ್ ಕೊಳ ಇದೆ. ಏಳು ಅಡಿ ವ್ಯಾಸದ, ಎರಡೂವರೆ ಅಡಿ ನೀರಿನ ಇಂಥದಕ್ಕೆ ಸುಮಾರು 2,700 ಲೀಟರ್ ಸಾಕು. ನೋಡಲು ಅಷ್ಟೇನೂ ಸೊಗಸಲ್ಲ. ಆದರೆ ಕೊಳ ನಿಜಕ್ಕೂ ಬಳಕೆಯಾಗುತ್ತದೆಯೇ ಎಂದು ಒಂದು ಬೇಸಿಗೆ ನೋಡಿ ಆಮೇಲೆ ಅಗೆಯುವ ಯೋಚನೆಯಿದ್ದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ನೀರನ್ನು ಚೆಲ್ಲದೆ ಇರಿಸಿಕೊಳ್ಳುವುದು

ಚೆನ್ನಾಗಿ ನೋಡಿಕೊಂಡ ಕೊಳದ ನೀರನ್ನು ತಿಂಗಳುಗಟ್ಟಲೆ ಬದಲಿಸಬೇಕಾಗಿಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ತುಂಬಿಸಬೇಕಾದ ಕೊಳ ಈ ಊರಿಗೆ ತಕ್ಕದ್ದಲ್ಲ. ಆದ್ದರಿಂದ ಫಿಲ್ಟರ್ ಇಲ್ಲದ ಕೊಳ ಎಷ್ಟೇ ಅಗ್ಗವಾದರೂ ಬೇಡ. ಮರಳಿನ ಫಿಲ್ಟರನ್ನು ಆಗಾಗ ಹಿಮ್ಮುಖವಾಗಿ ತೊಳೆಯಬೇಕು, ಪ್ರತಿ ಸಲವೂ ನೂರಾರು ಲೀಟರ್ ಚರಂಡಿಗೆ ಹೋಗುತ್ತದೆ. ಕಾರ್ಟ್ರಿಡ್ಜ್ ಫಿಲ್ಟರಿನಲ್ಲಿ ಮಡಿಕೆಗಳ ಉರುಳೆಯನ್ನು ಹೊರತೆಗೆದು ಪೈಪಿನಿಂದ ತೊಳೆದರೆ ಮುಗಿಯಿತು, ಒಂದೆರಡು ಬಕೆಟ್ ನೀರಿನ ಕೆಲಸ. ಸಣ್ಣ ಕೊಳಕ್ಕೆ ನಾನು ಕಾರ್ಟ್ರಿಡ್ಜನ್ನೇ ಹೇಳುತ್ತೇನೆ. ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದು ಬೇಗ ಕಟ್ಟಿಕೊಳ್ಳುತ್ತದೆ ಎಂಬುದು ಮಾತ್ರ ಗಮನದಲ್ಲಿರಲಿ. ಪಂಪು ಅರ್ಧ ಅಶ್ವಶಕ್ತಿಯದು ಧಾರಾಳವಾಯಿತು. ದಿನಕ್ಕೆ ಐದು ಗಂಟೆ ಓಡಿಸಿದರೆ ಎರಡೂವರೆ ಯೂನಿಟ್ ಹತ್ತಿರ ವಿದ್ಯುತ್ ಬೇಕಾಗುತ್ತದೆ. ಸಣ್ಣ ಫಿಲ್ಟರಿಗೆ ದೊಡ್ಡ ಪಂಪು ಜೋಡಿಸಿದರೆ ನೀರು ಶುದ್ಧವಾಗುವುದಿಲ್ಲ, ರಭಸಕ್ಕೆ ಕೊಳೆಯೂ ಒಟ್ಟಿಗೆ ಹಾದುಹೋಗುತ್ತದೆ.

ಸೋಂಕು ನಿವಾರಣೆಗೆ ನೀರಿನಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕು, ಹನಿ ಹಾಕಿ ಬಣ್ಣ ನೋಡುವ ಪುಟ್ಟ ಕಿಟ್ಟಿನಿಂದ ವಾರಕ್ಕೆ ಎರಡು ಸಲ ಅಳೆದರೆ ಸಾಕು. ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳು ಸುಲಭವಾದರೂ ಪ್ರತಿ ಮಾತ್ರೆಯೊಡನೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ, ಅದು ಆವಿಯಾಗದೆ ಕೂಡುತ್ತ ಹೋಗಿ ಕೊನೆಗೆ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ಆಗ ಸ್ವಲ್ಪ ನೀರನ್ನು ಬದಲಿಸದೆ ಬೇರೆ ದಾರಿಯಿಲ್ಲ. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಈ ತೊಂದರೆ ಇಲ್ಲ. ಬ್ಲೀಚಿಂಗ್ ಪೌಡರ್ ಸುಣ್ಣದ ಗಸಿ ಬಿಡುತ್ತದೆ. ಯಾವುದೇ ಎರಡು ಬಗೆಯ ಕ್ಲೋರಿನ್ನನ್ನು ಒಂದೇ ಡಬ್ಬಿಯಲ್ಲಿ ಬೆರೆಸಬಾರದು, ಬೆಂಕಿ ಅಥವಾ ಸ್ಫೋಟ ಸಂಭವಿಸಬಹುದು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವನ್ನು ಈಚೆಗೆ ಬಹಳ ಹೊಗಳುತ್ತಾರೆ. ಅದು ನಡೆಯಬೇಕಾದರೆ ನಡುವಿನ ಅಳತೆಯ ಕೊಳಕ್ಕೆ ಇಪ್ಪತ್ತೈದು ಕಿಲೋ ಹತ್ತಿರ ಉಪ್ಪು ಸುರಿಯಬೇಕು. ಆ ನೀರನ್ನು ಮುಂದೆ ಗಿಡಕ್ಕೂ ಹಾಕುವಂತಿಲ್ಲ, ಸಂಪಿನ ಬಳಕೆಗೂ ಬಿಡುವಂತಿಲ್ಲ. ಸಾದಾ ಕ್ಲೋರಿನ್ ನೀರಾದರೆ ಎರಡು ಮೂರು ದಿನ ಔಷಧ ಹಾಕದೆ ಬಿಸಿಲಿಗೆ ಬಿಟ್ಟು, ಕಿಟ್ಟಿನಲ್ಲಿ ಕ್ಲೋರಿನ್ ಸೊನ್ನೆಯಾದದ್ದನ್ನು ನೋಡಿಕೊಂಡು, ಗಿಡಗಳಿಗೆ, ಅಂಗಳ ತೊಳೆಯಲು, ಫ್ಲಶ್ಶಿಗೆ ಬಳಸಬಹುದು.

ಆವಿಯಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನಕ್ಕೆ 5 ಮಿಲಿಮೀಟರ್ ಇಳಿಯುತ್ತದೆ ಎಂದಿಟ್ಟುಕೊಂಡರೂ ಎಪ್ಪತ್ತು ಚದರಡಿ ನೀರಿನಿಂದ ತಿಂಗಳಿಗೆ ಸಾವಿರ ಲೀಟರ್ ಹೋಗುತ್ತದೆ. ನೀರಿನ ಮೇಲೆ ತೇಲುವ ಗುಳ್ಳೆಹೊದಿಕೆ ಅದರ ಬಹುಭಾಗವನ್ನು ತಡೆಯುತ್ತದೆ, ರಾತ್ರಿ ಶಾಖವನ್ನೂ ಉಳಿಸುತ್ತದೆ, ಪಕ್ಕದ ಸೈಟಿನ ಕಟ್ಟಡದ ಧೂಳನ್ನು ಹೊರಗಿಡುತ್ತದೆ. ಕೊಳದ ಖರ್ಚಿನಲ್ಲಿ ಏನನ್ನು ಬೇಕಾದರೂ ಕಡಿಮೆ ಮಾಡಿ, ಹೊದಿಕೆಯನ್ನು ಬಿಡಬೇಡಿ. ನೀರು ತುಂಬುವ ಪೈಪಿನ ಬಾಯಿ ನೀರಿನೊಳಗೆ ಮುಳುಗಿರಬಾರದು, ಒಂದು ಗೇಣು ಮೇಲಿರಬೇಕು. ಇಲ್ಲದಿದ್ದರೆ ಪೈಪಿನಲ್ಲಿ ಒತ್ತಡ ಕುಸಿದಾಗ ಕೊಳದ ನೀರು ಹಿಂದಕ್ಕೆ ಎಳೆದುಕೊಂಡು ಮನೆಯ ನೀರಿಗೆ ಸೇರಬಹುದು.

ಬಿಸಿನೀರು ಬೇಕೆನ್ನುವವರು ಒಂದು ಅಂಕಿಯನ್ನು ನೆನಪಿಟ್ಟರೆ ಸಾಕು: 7,900 ಲೀಟರನ್ನು ಒಂದು ಡಿಗ್ರಿ ಏರಿಸಲು ಸುಮಾರು 9 ಯೂನಿಟ್ ಶಾಖ ಬೇಕು. ಆರು ಡಿಗ್ರಿ ಏರಿಸಲು ಸಾಮಾನ್ಯ ಕಾಯಿಲ್ ಹೀಟರ್ 55 ಯೂನಿಟ್ ವಿದ್ಯುತ್ ತಿಂದರೆ, ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪು ಹನ್ನೆರಡರಿಂದ ಹದಿನಾಲ್ಕರಲ್ಲಿ ಮುಗಿಸುತ್ತದೆ.

ಮಕ್ಕಳು, ಕರೆಂಟು, ಸೊಳ್ಳೆ

ಸಣ್ಣ ಕೊಳವೆಂದು ಅಪಾಯ ಸಣ್ಣದಾಗುವುದಿಲ್ಲ. ಪುಟ್ಟ ಮಗು ಮೊಣಕಾಲುದ್ದದ ನೀರಿನಲ್ಲಿಯೂ ಸದ್ದಿಲ್ಲದೆ ಮುಳುಗುತ್ತದೆ. ನಾಲ್ಕು ಅಡಿ ಎತ್ತರದ, ಹತ್ತಲು ಅಡ್ಡಪಟ್ಟಿಗಳಿಲ್ಲದ ಬೇಲಿ ಮತ್ತು ತಾನಾಗಿ ಮುಚ್ಚಿಕೊಳ್ಳುವ ಗೇಟು, ಇಲ್ಲವೇ ಆಳು ನಿಂತರೂ ಕುಸಿಯದ ಬೀಗದ ಹೊದಿಕೆ, ಇವೆರಡರಲ್ಲಿ ಒಂದಾದರೂ ಇರಬೇಕು. ತೇಲುವ ಗುಳ್ಳೆಹೊದಿಕೆ ಇದಕ್ಕೆ ಬದಲಿಯಲ್ಲ, ಮಗು ಅದರ ಕೆಳಗೆ ಸಿಕ್ಕಿಕೊಂಡರೆ ಕಾಣುವುದೂ ಇಲ್ಲ. ತಳದಲ್ಲಿ ಪಂಪಿಗೆ ಎಳೆಯುವ ಬಾಯಿ ಒಂದೇ ಇದ್ದರೆ ಕೂದಲು ಅಥವಾ ಕೈ ಹೀರಿಕೊಳ್ಳುವ ಅಪಾಯವಿದೆ. ಕನಿಷ್ಠ ಮೂರು ಅಡಿ ಅಂತರದಲ್ಲಿ ಎರಡು ಬಾಯಿಗಳು, ಎರಡಕ್ಕೂ ಉಬ್ಬಿದ ಸುರಕ್ಷಾ ಮುಚ್ಚಳ ಇರಲೇಬೇಕು.

ನೀರಿನೊಳಗಿನ ದೀಪ 12 ವೋಲ್ಟಿನದೇ ಆಗಿರಲಿ, ಅದರ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರವಿರಲಿ. ಪಂಪಿನ ಲೈನಿಗೆ, ಕರೆಂಟು ಸೋರಿದೊಡನೆ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಪ್ರತ್ಯೇಕವಾಗಿ ಬೇಕು, ಅರ್ಥಿಂಗ್ ಅಳೆದು ನೋಡಿರಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಷ್ಟಪಡುವುದು ನಿಂತ ಶುದ್ಧ ನೀರನ್ನೇ. ಕ್ಲೋರಿನ್ ಇದ್ದು ದಿನವೂ ಸುತ್ತುವ ನೀರಿನಲ್ಲಿ ಅದು ಬೆಳೆಯದು. ಆದರೆ ಮನೆಯವರು ಹತ್ತು ದಿನ ಊರಿಗೆ ಹೋಗಿ ಪಂಪು ನಿಂತರೆ, ಮೊಟ್ಟೆಯಿಂದ ಸೊಳ್ಳೆಯಾಗಲು ಅಷ್ಟು ದಿನ ಸಾಕು. ಪಂಪಿಗೆ ಟೈಮರ್ ಹಾಕಿಸಿ ಹೋಗಬೇಕು. ಹೊದಿಕೆಯ ಮಡಿಕೆಗಳಲ್ಲಿ ನಿಂತ ಮಳೆನೀರನ್ನು ಮಾತ್ರ ಜನ ಮರೆಯುತ್ತಾರೆ. ಕೊಳ ಚೊಕ್ಕಟವಾಗಿದ್ದು ಅದರ ಮುಚ್ಚಳದ ಮೇಲೆ ಲಾರ್ವಾ ಆಡುತ್ತಿರುವುದುಂಟು.

ಕೊಟೇಶನ್ ಮತ್ತು ಕೊನೆಯ ಕಂತು

ಬೆಲೆ ಕೇಳುವಾಗ ಒಟ್ಟು ಮೊತ್ತವನ್ನು ಮಾತ್ರ ಕೇಳಬಾರದು. ಅಗೆತ, ಬಂಡೆ ಸಿಕ್ಕರೆ ಘನಅಡಿಗೆ ಎಷ್ಟು, ಮಣ್ಣು ಸಾಗಣೆ, ಕಂಬಿ ಮತ್ತು ಕಾಂಕ್ರೀಟಿನ ದರ್ಜೆ, ವಾಟರ್‌ಪ್ರೂಫಿಂಗ್ ಎಷ್ಟು ಕೋಟು, ಪಂಪು ಮತ್ತು ಫಿಲ್ಟರಿನ ಮಾದರಿ, ಹೊದಿಕೆ, ಪರೀಕ್ಷೆಯ ನೀರಿನ ಖರ್ಚು ಯಾರದು, ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಮಣ್ಣು ಸಾಗಣೆ ಸಣ್ಣ ಬಾಬತ್ತಲ್ಲ. ಕೆಲಸಗಾರರು ಸುತ್ತ ಓಡಾಡುವ ಜಾಗವೂ ಸೇರಿ ನಡುವಿನ ಅಳತೆಯ ಕೊಳಕ್ಕೆ ಐದಾರು ಟಿಪ್ಪರ್ ಮಣ್ಣು ಏಳುತ್ತದೆ, ಮತ್ತೆ ತುಂಬಲು ಬೇಕಾದ ಪಾಲನ್ನು ಸುರಿದಿಟ್ಟುಕೊಳ್ಳಲು 30×40ರಲ್ಲಿ ಜಾಗವಿರುವುದಿಲ್ಲ. ರಸ್ತೆಗೆ ಸುರಿದರೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಾರೆ.

ಕಾಂಕ್ರೀಟ್ ಕೊಳವಾದರೆ ಟೈಲ್ಸ್ ಹಾಕುವ ಮೊದಲೇ ತುಂಬಿಸಿ ಒಂದು ವಾರ ಬಿಡಬೇಕು. ಕೊಳದ ಮೇಲಿನ ಮೆಟ್ಟಿಲಿನ ಮೇಲೆ, ಅರ್ಧ ಮುಳುಗುವಂತೆ, ಒಂದು ಬಕೆಟ್ ಇಟ್ಟು ಅದರಲ್ಲಿಯೂ ಕೊಳದ ಮಟ್ಟಕ್ಕೇ ನೀರು ತುಂಬಿ, ತೇಲದಂತೆ ಒಳಗೊಂದು ಕಲ್ಲಿಟ್ಟು, ಬಕೆಟಿನ ಒಳಗೂ ಹೊರಗೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಂಪು ನಿಂತಿರಲಿ, ಹೊದಿಕೆ ತೆಗೆದಿರಲಿ. ಎರಡೂ ಗೆರೆಗಳಿಂದ ನೀರು ಸಮನಾಗಿ ಇಳಿದಿದ್ದರೆ ಅದು ಬಿಸಿಲು ಕುಡಿದ ನೀರು. ಕೊಳದ ಗೆರೆ ಬಕೆಟಿನದಕ್ಕಿಂತ ದಿನಕ್ಕೆ ಅರ್ಧ ಸೆಂಟಿಮೀಟರ್ ಹೆಚ್ಚು ಇಳಿದರೂ ಸರಿ, ಎಪ್ಪತ್ತು ಚದರಡಿ ಕೊಳದಿಂದ ದಿನಕ್ಕೆ ಮೂವತ್ತೆರಡು ಲೀಟರ್ ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಟೈಲ್ಸ್ ಮೇಲೇರಿದ ನಂತರ ಆ ಬಿರುಕನ್ನು ಹುಡುಕುವುದು ಕಷ್ಟವಾದ್ದರಿಂದ, ಗುತ್ತಿಗೆದಾರರಿಗೆ ಕೊಡುವ ದೊಡ್ಡ ಕಂತೊಂದನ್ನು ಈ ವಾರ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು.